ಹಿಂಡು ಕಾಯುವ ಊರು, ಮಕ್ಕಳನ್ನು ಕಾಯುವ ಮನೆ
(ಕಂಬಂ ಕಣಿವೆಯಲ್ಲಿ ಮಾದಕ ವಸ್ತುಗಳ ಬಗೆಗಿನ ಕೌಟುಂಬಿಕ ಜಾಗೃತಿ: ಒಂದು ಚಾರಿತ್ರಿಕ ಅವಲೋಕನ)

ಪಶ್ಚಿಮಘಟ್ಟಗಳ ಮಡಿಲಲ್ಲಿರುವ ಕಂಬಂ ಕಣಿವೆಯು ತಮಿಳುನಾಡಿನ ಸುಭಿಕ್ಷ ಪ್ರದೇಶಗಳಲ್ಲಿ ಒಂದು. 1895ರಲ್ಲಿ ಕರ್ನಲ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಿಂದ ಇಳಿದು ಬಂದು ಈ ಕಣಿವೆಯ ಗದ್ದೆಗಳನ್ನು ಹಸಿರಾಗಿಸಿತು. ಬತ್ತ, ತೆಂಗು, ಬಾಳೆ, ದ್ರಾಕ್ಷಿ ಇಲ್ಲಿನ ಸಂಪತ್ತು. ಇಲ್ಲಿನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಗೌರವವೂ ದೊರೆಯಿತು. ಬೆಟ್ಟದ ಮೇಲೆ ಏಲಕ್ಕಿ, ಬೆಟ್ಟದ ಬುಡದಲ್ಲಿ ಸುರುಳಿ ತೀರ್ಥ. ಇಂತಹ ಪುಣ್ಯಭೂಮಿಯಲ್ಲಿ ತಲೆಮಾರುಗಳಿಂದ ನೆಲೆಸಿ, ಮನೆಯೊಳಗೆ ಕನ್ನಡವನ್ನೂ ಪೇಟೆಯಲ್ಲಿ ತಮಿಳನ್ನೂ ಆಡುತ್ತ ಬಂದವರು ಕಾಪ್ಪಿಲಿಯ ಒಕ್ಕಲಿಗ ಮನೆತನಗಳು.

ಇವರ ಪೂರ್ವಿಕರು ಮೈಸೂರು ಸೀಮೆಯಿಂದ ದನಕರುಗಳೊಡನೆ ವಲಸೆ ಬಂದರೆಂಬ ಐತಿಹ್ಯವಿದೆ. ಆ ಹಿಂಡಿನ ಸಂತತಿಯೆಂದು ನಂಬಲಾದ ಗೋವುಗಳೇ ಕಂಬಂನ ಶ್ರೀ ನಂದಗೋಪಾಲಸ್ವಾಮಿ ತಂಬಿರಾನ್ ಮಾಟ್ಟುತ್ತೊಳುವಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಅಧಿಕಾರಿಗಳು ಬರೆದ ಗ್ರಂಥಗಳಲ್ಲೂ 'ದೇವರ ಆವು' ಎಂಬ ಕನ್ನಡದ ಹೆಸರಿನಿಂದಲೇ ಈ ಹಿಂಡಿನ ಉಲ್ಲೇಖವಿದೆ. ಹಿಂಡಿನ ರಾಜನಾದ 'ಪಟ್ಟದ ಆವು' ಕಾಲವಾದರೆ ಸಂಕ್ರಾಂತಿಯ ಹೊತ್ತಿಗೆ ಹೊಸ ರಾಜನ ಆಯ್ಕೆ ನಡೆಯುತ್ತಿತ್ತು. ಹಿಂಡಿನ ಮುಂದೆ ಕರ್ಪೂರ, ಬಾಳೆಹಣ್ಣು, ತಾಂಬೂಲಗಳನ್ನಿಟ್ಟು, ಕಬ್ಬಿನ ಕಟ್ಟನ್ನು ಇಡುತ್ತಿದ್ದರು. ಯಾವ ಎತ್ತು ಮೊದಲು ಕಬ್ಬಿಗೆ ಬಾಯಿಹಾಕುವುದೋ ಅದಕ್ಕೆ ಕುಂಕುಮವಿಟ್ಟು ನಂದಗೋಪಾಲಸ್ವಾಮಿ ಎಂದು ಕರೆಯುತ್ತಿದ್ದರು.

ಈ ಸಂಪ್ರದಾಯದ ಒಳಗೆ ಒಂದು ತತ್ತ್ವವಿದೆ. ಹಿಂಡು ಯಾರೊಬ್ಬರ ಸ್ವತ್ತೂ ಅಲ್ಲ. ಆದುದರಿಂದ ಅದನ್ನು ಕಾಯುವ ಹೊಣೆ ಎಲ್ಲರದು. ಒಂದು ಕರು ತಪ್ಪಿಸಿಕೊಂಡರೆ ಊರೇ ಹುಡುಕುತ್ತದೆ. ಯಾರ ಕರು ಎಂದು ಯಾರೂ ಕೇಳುವುದಿಲ್ಲ. ಈ ತತ್ತ್ವವನ್ನು ನಮ್ಮ ಹಿರಿಯರು ಗೋವುಗಳ ವಿಷಯದಲ್ಲಿ ಪಾಲಿಸಿದರು. ಮಕ್ಕಳ ವಿಷಯದಲ್ಲಿ ಅದನ್ನು ಎಷ್ಟರಮಟ್ಟಿಗೆ ಪಾಲಿಸಲಾಯಿತು, ಎಲ್ಲಿ ಮರೆಯಲಾಯಿತು ಎಂಬುದನ್ನು ಕಂಬಂ ಕಣಿವೆಯ ಇನ್ನೊಂದು ಚರಿತ್ರೆ ಹೇಳುತ್ತದೆ. ಅದು ಗಾಂಜಾದ ಚರಿತ್ರೆ. ಹಬ್ಬದ ಸಂಚಿಕೆಯಲ್ಲಿ ಇಂತಹ ಮಾತು ಏಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಊರೆಲ್ಲ ಒಂದೆಡೆ ಸೇರುವ ಸಮಯದಲ್ಲಿ ಆಡದ ಮಾತನ್ನು ಮತ್ತೆಲ್ಲಿ ಆಡುವುದು?

ಪರವಾನಗಿಯ ಕಾಲ

ಗಾಂಜಾ ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಅಲೆಮಾರಿ ಬೈರಾಗಿಗಳ ಚಿಲುಮೆಯಲ್ಲೂ, ನಾಟಿ ವೈದ್ಯರ ಲೇಹ್ಯಗಳಲ್ಲೂ ಅದಿತ್ತು. ಮದ್ರಾಸ್ ಪ್ರಾಂತದಲ್ಲಿ 1886ರ ಅಬಕಾರಿ ಕಾಯಿದೆಯ ಬಳಿಕ ಅದು ಸರ್ಕಾರಕ್ಕೆ ವರಮಾನ ತರುವ ಪದಾರ್ಥವಾಯಿತು. ಜವ್ವಾದು ಬೆಟ್ಟಗಳ ಸಂತವಾಸಲ್ ಮತ್ತು ಕೃಷ್ಣಾ ಜಿಲ್ಲೆಯ ದಗ್ಗುಪಾಡು ಆಗ ಪ್ರಾಂತದ ಹೆಸರಾಂತ ಗಾಂಜಾ ನೆಲೆಗಳು. ಪರವಾನಗಿ ಪಡೆದ ಅಂಗಡಿಗಳಲ್ಲಿ ಅದರ ಮಾರಾಟ ನಡೆಯುತ್ತಿತ್ತು.

ಇದರ ಒಳಿತು ಕೆಡಕುಗಳ ವಿಚಾರಣೆಗಾಗಿ 1893ರಲ್ಲಿ ಸರ್ಕಾರ ಒಂದು ಆಯೋಗವನ್ನು ನೇಮಿಸಿತು. ದೇಶದಾದ್ಯಂತ 1,193 ಸಾಕ್ಷಿಗಳ ಹೇಳಿಕೆ ಪಡೆದು ಆಯೋಗವು 1894ರಲ್ಲಿ ಏಳು ಸಂಪುಟಗಳ ವರದಿ ಸಲ್ಲಿಸಿತು. ಮಿತ ಸೇವನೆಯಿಂದ ಹೇಳಿಕೊಳ್ಳುವಂತಹ ಕೇಡಿಲ್ಲ, ಅತಿ ಸೇವನೆ ಕೇಡು. ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಹತೋಟಿ ಸಾಕು ಎಂಬುದು ಅದರ ತಾತ್ಪರ್ಯ. ಇಂದಿಗೂ ಗಾಂಜಾವನ್ನು ಸಮರ್ಥಿಸುವವರು ಈ ವರದಿಯನ್ನು ಉದಾಹರಿಸುವುದುಂಟು. ಆದರೆ ಹದಿಹರೆಯದ ಮಿದುಳಿನ ಮೇಲೆ ಗಾಂಜಾದ ಪರಿಣಾಮವೇನೆಂದು ಅಳೆಯುವ ವಿಜ್ಞಾನ ಆಗ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು.

ಮುಂದೆ 1937ರ ಅಕ್ಟೋಬರ್ 1ರಂದು ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. 1948ರಲ್ಲಿ ಅದು ಪ್ರಾಂತಕ್ಕೆಲ್ಲ ವ್ಯಾಪಿಸಿತು. ಆ ಕಾಯಿದೆಯಲ್ಲಿ ಮದ್ಯದ ಜೊತೆಗೆ ಅಮಲಿನ ವಸ್ತುಗಳ ಪ್ರಸ್ತಾಪವೂ ಇತ್ತು. 1971ರಲ್ಲಿ ಪಾನನಿರೋಧ ಸಡಿಲವಾಯಿತು, ಮತ್ತೆ ಬಂದಿತು, 1981ರಲ್ಲಿ ಮತ್ತೆ ಹೋಯಿತು. ಹೀಗೆ ಕಾನೂನು ಬರುತ್ತ ಹೋಗುತ್ತ ಇದ್ದಾಗ ಮನೆಯವರಿಗೆ ಉಳಿದದ್ದು ಒಂದೇ ತಿಳಿವಳಿಕೆ: ಕುಡಿತ, ಗಾಂಜಾ ಇವು ಗಂಡಸರ ಚಟ, ಹೆಂಗಸರ ಹಣೆಬರಹ.

ಬೆಟ್ಟದಿಂದ ಇಳಿದ ಮೂಟೆ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಇಡುಕ್ಕಿಯ ದಟ್ಟ ಕಾಡುಗಳಲ್ಲಿಯೂ, ಕಣಿವೆಯ ಆಚೀಚಿನ ಬೆಟ್ಟದ ಇಳಿಜಾರುಗಳಲ್ಲಿಯೂ ಕಳ್ಳತನದ ಗಾಂಜಾ ಬೆಳೆ ಹಬ್ಬಿತು. ಕಣಿವೆಯಿಂದ ಕುಮಳಿಗೆ, ಕಂಬಂಮೆಟ್ಟಿಗೆ, ಬೋಡಿಮೆಟ್ಟಿಗೆ ಏರುವ ಘಾಟಿ ರಸ್ತೆಗಳು ಏಲಕ್ಕಿ, ಮೆಣಸು, ತರಕಾರಿ ಸಾಗುವ ದಾರಿಗಳು. ಅದೇ ದಾರಿಗಳಲ್ಲಿ ಈ ಮೂಟೆಯೂ ಇಳಿಯತೊಡಗಿತು. 1980 ಮತ್ತು 1990ರ ದಶಕಗಳಲ್ಲಿ ಕಂಬಂ ಎಂಬ ಹೆಸರು ದ್ರಾಕ್ಷಿಗೆ ಎಷ್ಟು ಪ್ರಸಿದ್ಧವೋ ಗಾಂಜಾಕ್ಕೂ ಅಷ್ಟೇ ಕುಪ್ರಸಿದ್ಧವಾಯಿತು. ಕೇರಳದ ಅಬಕಾರಿ, ಅರಣ್ಯ ಮತ್ತು ಪೊಲೀಸ್ ಇಲಾಖೆಗಳು ಕಾಡಿನ ಬೆಳೆಯನ್ನು ಕಿತ್ತು ಸುಡತೊಡಗಿದ ಮೇಲೆ ಬೆಳೆ ಕಡಿಮೆಯಾಯಿತು. ಆದರೆ ವ್ಯಾಪಾರ ನಿಲ್ಲಲಿಲ್ಲ. ಆಂಧ್ರ ಮತ್ತು ಒಡಿಶಾ ಗಡಿಯ ಬೆಟ್ಟಗಳಿಂದ ಸರಕು ಬಂದು, ಇಲ್ಲಿಂದ ಮತ್ತೆ ಘಾಟಿ ಹತ್ತಿ ಕೇರಳಕ್ಕೆ ಹೋಗತೊಡಗಿತು. ಹಿಂದೆ ಬೆಟ್ಟದಿಂದ ಕೆಳಗಿಳಿಯುತ್ತಿದ್ದ ಮೂಟೆ ಈಗ ಕೆಳಗಿನಿಂದ ಮೇಲಕ್ಕೆ ಹೊರಟಿತು. ದಾರಿ ಅದೇ, ಹೊರುವ ಹೆಗಲೂ ಅದೇ.

ಈ ವ್ಯಾಪಾರದ ಸ್ವರೂಪವನ್ನು ಮನೆಮಂದಿ ತಿಳಿದಿರಬೇಕು. ಹಣ ಹೂಡುವವನು ಒಬ್ಬ. ಮೂಟೆ ಹೊರುವವನು ಮತ್ತೊಬ್ಬ. ಸಣ್ಣ ಪೊಟ್ಟಣ ಕಟ್ಟಿ ಮಾರುವವರು ಬೇರೆ. ಸಿಕ್ಕಿಬೀಳುವವರು ಸಾಮಾನ್ಯವಾಗಿ ಹೊತ್ತವರು ಮತ್ತು ಮಾರಿದವರು. ಸಾಲದಲ್ಲಿ ಮುಳುಗಿದ ಕೂಲಿಕಾರ, ಕಾಲೇಜು ಬಿಟ್ಟ ಹುಡುಗ, ಗಂಡ ಸೆರೆಮನೆಗೆ ಹೋದ ಮೇಲೆ ಮನೆ ನಡೆಸಬೇಕಾದ ಹೆಂಗಸು, ಇಂಥವರ ಕೈಗೇ ಪೊಟ್ಟಣ ಬರುವುದು. ಮಗ ದಿಢೀರನೆ ಹೊಸ ಬೈಕು ತಂದಾಗ 'ದುಡಿದು ತಂದ' ಎಂದು ಹಿಗ್ಗುವ ಮನೆ, ಒಂದು ದಿನ ವಕೀಲರ ಬಾಗಿಲಲ್ಲಿ ನಿಂತಿರುತ್ತದೆ.

ಮಾರುವ ಊರಿನಲ್ಲಿ ಸೇದುವವರೂ ಹುಟ್ಟುತ್ತಾರೆ. ಮೊದಮೊದಲು ಇದು ಹೊರಗಿನವರಿಗೆ ಮಾರುವ ಸರಕು, ನಮ್ಮ ಮಕ್ಕಳು ಮುಟ್ಟುವುದಿಲ್ಲ ಎಂಬ ಭ್ರಮೆ ಹಲವರಲ್ಲಿತ್ತು. ಆ ಭ್ರಮೆ ಹೆಚ್ಚು ಕಾಲ ಉಳಿಯಲಿಲ್ಲ.

1985ರ ಕಾನೂನು

ಕೇಂದ್ರ ಸರ್ಕಾರದ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ಪದಾರ್ಥಗಳ ಕಾಯಿದೆ 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಅಂದಿನಿಂದ ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು, ಸೇದುವುದು ಎಲ್ಲವೂ ಅಪರಾಧ. 2001ರ ತಿದ್ದುಪಡಿಯ ಮೇಲೆ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯ ಏರ್ಪಾಡಾಯಿತು. ಗಾಂಜಾ 1 ಕಿಲೋಗಿಂತ ಕಡಿಮೆ ಇದ್ದರೆ ಅಲ್ಪ ಪ್ರಮಾಣ: ಒಂದು ವರ್ಷದವರೆಗೆ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೋಗಿಂತ ಹೆಚ್ಚಿದ್ದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ, ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಎರಡರ ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ ಸಜೆಯಾಗಬಹುದು. ವಾಣಿಜ್ಯ ಪ್ರಮಾಣದ ಮೊಕದ್ದಮೆಯಲ್ಲಿ ಜಾಮೀನು ಸಿಗುವುದೇ ದುಸ್ತರ. ಕಳ್ಳ ವ್ಯಾಪಾರದಿಂದ ಗಳಿಸಿದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲೂ ಕಾಯಿದೆಯಲ್ಲಿ ಅವಕಾಶವಿದೆ.

ಇದೇ ಕಾಯಿದೆಯಲ್ಲಿ ದಯೆಯ ಬಾಗಿಲೂ ಒಂದಿದೆ. ಬಹಳ ಮನೆಗಳಿಗೆ ಅದರ ಅರಿವಿಲ್ಲ. ವ್ಯಸನಿಯಾದವನು, ಸೇವಿಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪದಲ್ಲಿ, ಸ್ವಇಚ್ಛೆಯಿಂದ ಸರ್ಕಾರದ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಚಿಕಿತ್ಸೆಗೆ ಬಂದು ಅದನ್ನು ಪೂರ್ಣಗೊಳಿಸಿದರೆ 64ಎ ಕಲಮಿನಂತೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು. ಪೊಲೀಸರಿಗೆ ತಿಳಿದೀತೆಂಬ ಹೆದರಿಕೆಯಿಂದ ಮಗನನ್ನು ಆಸ್ಪತ್ರೆಗೆ ಕರೆದೊಯ್ಯದ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಕಾನೂನಿನ ದೃಷ್ಟಿಯಲ್ಲಿ ಮಾರುವವನು ಅಪರಾಧಿ. ಬಿಡಬೇಕೆಂದು ತಾನಾಗಿ ಬಂದ ವ್ಯಸನಿ ರೋಗಿ.

ಮನೆಯವರಿಗೂ ಪಾಠ ಬೇಕೆಂದು ಕಂಡುಕೊಂಡದ್ದು

ಹಿಂದಿನ ಕಾಲದಲ್ಲಿ ವ್ಯಸನಿಗೆ ಬುದ್ಧಿ ಹೇಳುವವರು ಇದ್ದರು. ಅವನ ಮನೆಯವರಿಗೆ ತಿಳಿವಳಿಕೆ ಹೇಳುವವರು ಇರಲಿಲ್ಲ. ತಮಿಳುನಾಡಿನಲ್ಲಿ ಈ ಕೊರತೆ ತುಂಬಿದವರಲ್ಲಿ ಶ್ರೀಮತಿ ಶಾಂತಿ ರಂಗನಾಥನ್ ಅಗ್ರಗಣ್ಯರು. ಪತಿಯನ್ನು ಮದ್ಯವ್ಯಸನದಿಂದ ಕಳೆದುಕೊಂಡ ಅವರು 1980ರಲ್ಲಿ ಮದ್ರಾಸಿನಲ್ಲಿ ವ್ಯಸನಮುಕ್ತಿಗೆಂದೇ ಟಿ.ಟಿ. ರಂಗನಾಥನ್ ಹೆಸರಿನ ಪ್ರತಿಷ್ಠಾನವನ್ನು ಆರಂಭಿಸಿದರು. ಅಲ್ಲಿ ರೋಗಿಗೆ ಔಷಧಿಯ ಜೊತೆಗೆ ಆಪ್ತ ಸಮಾಲೋಚನೆ, ಮನೆಯವರಿಗೆ ಪ್ರತ್ಯೇಕ ತರಗತಿ. ಬಡ ಹಳ್ಳಿಗರು ಮದ್ರಾಸಿಗೆ ಬರಲಾರರೆಂದು ಕಂಡು, 1989ರಿಂದ ತಂಜಾವೂರು ಸೀಮೆಯ ಮಂಜಕ್ಕುಡಿಯಲ್ಲಿ ಹಳ್ಳಿಯಲ್ಲೇ ಶಿಬಿರ ನಡೆಸತೊಡಗಿದರು. ಊರಿನವರೇ ಸ್ಥಳ ಮತ್ತು ಊಟದ ಏರ್ಪಾಡು ಮಾಡುವುದು, ವೈದ್ಯರೂ ಸಮಾಲೋಚಕರೂ ಬಂದು ಉಳಿಯುವುದು, ಶಿಬಿರ ಮುಗಿದ ಮೇಲೂ ಊರಿಗೆ ಬಂದು ವಿಚಾರಿಸುವುದು, ಇದು ಅದರ ಕ್ರಮ. ಅವರ ಸೇವೆಗೆ 1992ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ಕನ್ನಡ ನಾಡಿನಲ್ಲಿ ಈ ಕೆಲಸ ಮಠ ಮತ್ತು ಕ್ಷೇತ್ರಗಳ ಅಂಗಳದಲ್ಲಿ ನಡೆದದ್ದು ವಿಶೇಷ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಜೋಳಿಗೆ ಹಿಡಿದು ಊರೂರು ಸುತ್ತಿದರು. ಅವರು ಬೇಡಿದ್ದು ಕಾಳನ್ನಲ್ಲ, ದುಡ್ಡನ್ನಲ್ಲ. 'ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ' ಎಂಬುದೇ ಅವರ ಭಿಕ್ಷೆ. ಜನರು ಬೀಡಿ, ಗುಟ್ಕಾ, ಕುಡಿತಗಳನ್ನು ಆ ಜೋಳಿಗೆಯಲ್ಲಿ ತ್ಯಜಿಸಿದರು. 'ಮಹಾಂತ ಜೋಳಿಗೆ' ಮನೆಮಾತಾಯಿತು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ.

1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಸಾಲ ಸೌಲಭ್ಯಗಳು ಮನೆಗೆ ಬಂದರೂ ಕುಡಿತವು ಅವನ್ನು ನುಂಗುತ್ತಿರುವುದನ್ನು ಕಂಡು, 1990ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಜನಜಾಗೃತಿಯ ಕೆಲಸ ಪ್ರಾರಂಭವಾಯಿತು. ಊರಿನ ಶಾಲೆಯಲ್ಲೋ ಸಭಾಭವನದಲ್ಲೋ ಒಂದು ವಾರದ ಮದ್ಯವರ್ಜನ ಶಿಬಿರ, ಅಲ್ಲಿ ಭಜನೆ, ಯೋಗ, ವೈದ್ಯರ ತಪಾಸಣೆ, ಗುಂಪು ಮಾತುಕತೆ. ಶಿಬಿರದ ಒಂದು ಘಟ್ಟದಲ್ಲಿ ಮನೆಯವರನ್ನು ಕರೆಸಿ ಎದುರುಬದುರು ಕೂಡಿಸುತ್ತಾರೆ. ಎಷ್ಟೋ ವರ್ಷಗಳಿಂದ ಮಾತು ಬಿಟ್ಟ ಗಂಡಹೆಂಡಿರು ಅಲ್ಲಿ ಮೊದಲ ಬಾರಿ ಮಾತಾಡುತ್ತಾರೆ. ಶಿಬಿರ ಮುಗಿದವರನ್ನು ಕೈಬಿಡದೆ 'ನವಜೀವನ ಸಮಿತಿ'ಗಳಲ್ಲಿ ಸೇರಿಸಿ ವಾರವಾರ ಕೂಡಿಸುವುದು ಈ ಯೋಜನೆಯ ಜೀವಾಳ. ಅಲ್ಲಿನ ಹೋರಾಟ ಮುಖ್ಯವಾಗಿ ಮದ್ಯದ ವಿರುದ್ಧ. ಆದರೆ ಮನೆಯವರನ್ನು ಪಾಲುದಾರರನ್ನಾಗಿ ಮಾಡುವ ಅದರ ಕ್ರಮ ಗಾಂಜಾ ವ್ಯಸನಕ್ಕೂ ಅನ್ವಯಿಸುತ್ತದೆ.

ಹರಕೆಯ ದಾರ ಮತ್ತು ವೈದ್ಯರ ಮದ್ದು

ತಮಿಳುನಾಡಿನ ಹಲವು ಗುಡಿಗಳಲ್ಲಿ ಕುಡಿತ ಬಿಡುವವರಿಗೆ ದೇವರ ಮುಂದೆ ದಾರ ಕಟ್ಟುವ ಪದ್ಧತಿಯುಂಟು. ಕಟ್ಟಿಸಿಕೊಂಡವನು ಇಷ್ಟು ದಿನ ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಾನೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ. ಇದೊಂದೇ ಸಾಕೆನ್ನುವವರೂ ಇದ್ದಾರೆ. ಸತ್ಯ ಇವೆರಡರ ನಡುವೆ ಇದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ಉಳಿದುಕೊಂಡಿದ್ದ 31 ಮಾನಸಿಕ ಅಸ್ವಸ್ಥರನ್ನು ಪರೀಕ್ಷಿಸಿ 2002ರಲ್ಲಿ ಒಂದು ವರದಿ ಪ್ರಕಟಿಸಿದರು. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣಗಳು ಶೇಕಡಾ 20ರ ಹತ್ತಿರ ಕಡಿಮೆಯಾಗಿದ್ದವು. ಅಲ್ಲಿ ವಿಶೇಷ ಮಂತ್ರತಂತ್ರಗಳೇನೂ ಇರಲಿಲ್ಲ. ಮನೆಯವರೊಬ್ಬರು ಜೊತೆಯಲ್ಲಿರುವುದು, ಗುಡಿಯ ಸಣ್ಣಪುಟ್ಟ ಕೆಲಸ, ಯಾರೂ ಹೀಯಾಳಿಸದ ವಾತಾವರಣ, ಇವೇ ಅಲ್ಲಿ ಸಿಕ್ಕ ಆಸರೆ. ದೇವಾಲಯಕ್ಕೆ ಮನಸ್ಸನ್ನು ತಣಿಸುವ ಶಕ್ತಿಯಿದೆ ಎಂಬ ಭಕ್ತರ ಅನುಭವಕ್ಕೆ ವೈದ್ಯರ ಸಾಕ್ಷ್ಯವೂ ದೊರೆತಂತಾಯಿತು.

ಅದರ ಹಿಂದಿನ ವರ್ಷವೇ ಇದಕ್ಕೆ ವ್ಯತಿರಿಕ್ತವಾದ ದಾರುಣ ಘಟನೆಯೂ ನಡೆಯಿತು. 2001ರ ಆಗಸ್ಟ್ 6ರ ಬೆಳಗಿನ ಜಾವ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ಯಾತ್ರಾಸ್ಥಳದ ಬಳಿ ಮನೋರೋಗಿಗಳನ್ನು ಇರಿಸಿದ್ದ ಒಂದು ಗುಡಿಸಲಿಗೆ ಬೆಂಕಿ ಬಿದ್ದಿತು. ಸರಪಳಿಯಿಂದ ಕಟ್ಟಿಹಾಕಿದ್ದ ಕಾರಣ ಓಡಲಾರದೆ 28 ಮಂದಿ ಪ್ರಾಣ ಕಳೆದುಕೊಂಡರು. ಅವರನ್ನು ಅಲ್ಲಿಗೆ ತಂದುಬಿಟ್ಟವರು ಕ್ರೂರಿಗಳಲ್ಲ; ಏನು ಮಾಡಬೇಕೆಂದು ತಿಳಿಯದ ತಂದೆತಾಯಿ, ಅಣ್ಣತಮ್ಮಂದಿರು. ಆ ದುರಂತದ ಬಳಿಕ ಸರ್ವೋಚ್ಚ ನ್ಯಾಯಾಲಯವು ತಾನಾಗಿ ವಿಚಾರಣೆ ಕೈಗೊಂಡಿತು. ಏರ್ವಾಡಿಯ ದರ್ಗಾದಲ್ಲಿಯೇ ಪ್ರಾರ್ಥನೆಯ ಜೊತೆಗೆ ವೈದ್ಯರ ಮದ್ದೂ ದೊರೆಯುವ ಏರ್ಪಾಡು ಮುಂದೆ ಬಂದಿತು.

ಈ ಎರಡು ಘಟನೆಗಳಿಂದ ಕಲಿಯಬೇಕಾದದ್ದು ಇಷ್ಟು. ಹರಕೆಯು ಮನಸ್ಸಿಗೆ ಬಲ ಕೊಡುತ್ತದೆ. ಗುಡಿಯು ಒಂಟಿತನ ಕಳೆಯುತ್ತದೆ. ಆದರೆ ದೇಹಕ್ಕೆ ಅಂಟಿದ ರೋಗಕ್ಕೆ ವೈದ್ಯರೂ ಬೇಕು. ಕಟ್ಟಿಹಾಕುವುದು ಹರಕೆಯೂ ಅಲ್ಲ, ಮದ್ದೂ ಅಲ್ಲ.

ದೂರದ ದ್ವೀಪದ ಉದಾಹರಣೆ

ಮನೆಯವರ ತಿಳಿವಳಿಕೆಯಿಂದ ಇಡೀ ದೇಶವೇ ಬದಲಾದ ಉದಾಹರಣೆ ಐಸ್ಲೆಂಡಿನದು. 1998ರಲ್ಲಿ ಆ ದೇಶದ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳಲ್ಲಿ ಕುಡಿದು ಅಮಲೇರಿದವರಾಗಿದ್ದರು. 17 ಮಂದಿ ಗಾಂಜಾ ರುಚಿ ಕಂಡಿದ್ದರು. ಅಲ್ಲಿನವರು ಮಕ್ಕಳನ್ನು ಹೆದರಿಸುವ ಭಾಷಣಗಳನ್ನು ನೆಚ್ಚಿಕೊಳ್ಳಲಿಲ್ಲ. ಶಾಲೆ ಶಾಲೆಗಳಲ್ಲಿ ಪೋಷಕರು ಸೇರಿ, ರಾತ್ರಿ ಮಕ್ಕಳನ್ನು ಹೊರಗೆ ಬಿಡುವುದಿಲ್ಲ, ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುತ್ತೇವೆ ಎಂದು ಪರಸ್ಪರ ಒಪ್ಪಂದಕ್ಕೆ ಬಂದರು. ಆಟೋಟ, ಸಂಗೀತಗಳಿಗೆ ಸರ್ಕಾರ ಹಣ ಕೊಟ್ಟಿತು. 2016ರ ಹೊತ್ತಿಗೆ 42 ಇದ್ದದ್ದು 5ಕ್ಕೆ, 17 ಇದ್ದದ್ದು 7ಕ್ಕೆ ಇಳಿಯಿತು. ಅದು ಚಿಕ್ಕ ಶ್ರೀಮಂತ ದೇಶ ಎಂಬುದು ನಿಜ. ಆದರೆ ನೆರೆಮನೆಯ ಮಗುವೂ ನಮ್ಮದೇ ಎಂಬ ಭಾವನೆಗೆ ಶ್ರೀಮಂತಿಕೆ ಬೇಕಿಲ್ಲ. ನಮ್ಮ ಹಟ್ಟಿಗಳಲ್ಲಿ ಅದು ಹಿಂದಿನಿಂದಲೂ ಇತ್ತು.

ಇತ್ತೀಚಿನ ವರ್ಷಗಳು

2019ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ದೇಶವ್ಯಾಪಿ ಸಮೀಕ್ಷೆಯ ವರದಿಯನ್ನು ಹೊರತಂದಿತು. ಭಂಗಿ, ಗಾಂಜಾ, ಚರಸ್ ಸೇವಿಸುವವರು ದೇಶದಲ್ಲಿ ಸುಮಾರು 3.1 ಕೋಟಿ. ಕಾನೂನುಬಾಹಿರ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಇಪ್ಪತ್ತು ಮಂದಿಗೆ ಒಬ್ಬರಷ್ಟೇ ಚಿಕಿತ್ಸೆಯ ನೆರವು ಕಂಡವರು. ಉಳಿದ ಹತ್ತೊಂಬತ್ತು ಮಂದಿಯನ್ನು ಹೊತ್ತುಕೊಂಡವರು ಅವರವರ ಮನೆಯವರು.

2020ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ 272 ಜಿಲ್ಲೆಗಳಲ್ಲಿ 'ನಶಾ ಮುಕ್ತ ಭಾರತ' ಅಭಿಯಾನವನ್ನು ಆರಂಭಿಸಿತು. ತಮಿಳುನಾಡು ಪೊಲೀಸರು 2021ರ ಡಿಸೆಂಬರಿನಲ್ಲಿ 'ಗಾಂಜಾ ವೇಟ್ಟೈ' ಎಂಬ ಕಾರ್ಯಾಚರಣೆಗೆ ಕೈಹಾಕಿದರು. 2022ರಲ್ಲಿ ದಕ್ಷಿಣ ವಲಯದ ಪೊಲೀಸರು ವ್ಯಾಪಾರಿಗಳದಷ್ಟೇ ಅಲ್ಲ, ಅವರ ಬಂಧುಗಳ ಬ್ಯಾಂಕ್ ಖಾತೆಗಳನ್ನೂ ಸ್ತಂಭನಗೊಳಿಸಿದರು. 'ನನಗೇನೂ ಗೊತ್ತಿಲ್ಲ, ದುಡ್ಡು ಮಾತ್ರ ನನ್ನ ಖಾತೆಗೆ ಬರುತ್ತಿತ್ತು' ಎನ್ನುವ ಮಾತು ಇನ್ನು ನಡೆಯದು ಎಂದು ಆಗ ಮನೆಮನೆಗೂ ಮನದಟ್ಟಾಯಿತು. ಅದೇ ವರ್ಷ ಆಗಸ್ಟಿನಲ್ಲಿ ರಾಜ್ಯದಾದ್ಯಂತ ವಿದ್ಯಾರ್ಥಿಗಳು ಮಾದಕ ವಸ್ತು ವಿರೋಧಿ ಪ್ರತಿಜ್ಞೆ ಸ್ವೀಕರಿಸಿದರು. ಶಾಲಾ ಕಾಲೇಜುಗಳಲ್ಲಿ ಜಾಗೃತಿ ಸಂಘಗಳು ಏರ್ಪಟ್ಟವು. 2025ರಲ್ಲಿ 'ಕಲಂಗರೈ' ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಕೇಂದ್ರಗಳು ತೆರೆದವು. ದಡ ಸೇರಿಸುವ ದೀಪಸ್ತಂಭವೆಂಬುದು ಆ ಹೆಸರಿನ ಆಶಯ. 2004ರಲ್ಲಿ ಆರಂಭವಾದ ತೇನಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕಣಿವೆಯ ಜನರಿಗೆ ಹತ್ತಿರದ ದೊಡ್ಡಾಸ್ಪತ್ರೆ. 14446 ಎಂಬ ಉಚಿತ ದೂರವಾಣಿ ಸಂಖ್ಯೆಯಲ್ಲಿ ವ್ಯಸನಿಗಳೂ ಮನೆಯವರೂ ಸಲಹೆ ಪಡೆಯಬಹುದು.

ಅಪಾಯದ ರೂಪವೂ ಬದಲಾಗಿದೆ. ಗಾಂಜಾದ ಜೊತೆಗೆ ಈಗ ನೋವು ನಿವಾರಕ ಮಾತ್ರೆಗಳನ್ನು ನೀರಲ್ಲಿ ಕರಗಿಸಿ ಚುಚ್ಚಿಕೊಳ್ಳುವ ಪಿಡುಗು ತಮಿಳುನಾಡಿನ ಹಲವು ಊರುಗಳಲ್ಲಿ ಕಾಣಿಸಿಕೊಂಡಿದೆ. ವಾಸನೆಯಿಲ್ಲ, ಹೊಗೆಯಿಲ್ಲ, ಜೇಬಿನಲ್ಲಿ ಮಾತ್ರೆಯ ಪಟ್ಟಿ ಅಷ್ಟೇ.

ಪ್ರತಿ ಮನೆಯೂ ತಿಳಿದಿರಬೇಕಾದದ್ದು

ಗಾಂಜಾ ಸೇದಿದವರೆಲ್ಲ ವ್ಯಸನಿಗಳಾಗುವುದಿಲ್ಲ. ಹತ್ತರಲ್ಲಿ ಒಬ್ಬರು ದಾಸರಾಗುತ್ತಾರೆಂದು ವೈದ್ಯರ ಅಂದಾಜು. ಆದರೆ ಹದಿಹರೆಯದಲ್ಲೇ ಆರಂಭಿಸಿದರೆ ಆರರಲ್ಲಿ ಒಬ್ಬರು. ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುವುದರಿಂದ ಎಳೆ ವಯಸ್ಸಿನಲ್ಲಿ ಪದೇ ಪದೇ ಸೇದಿದವರಿಗೆ ನೆನಪು, ಓದು ಕುಂದುತ್ತವೆ. ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಸಂಶಯ ಹುಟ್ಟುವ ಮನೋರೋಗದ ಸಂಭವ ಹೆಚ್ಚುತ್ತದೆ.

ಕಣ್ಣು ಕೆಂಪಾಗುವುದು, ಹೊತ್ತಲ್ಲದ ಹೊತ್ತಿನಲ್ಲಿ ಅತಿ ಹಸಿವು, ಹಗಲು ನಿದ್ದೆ, ಹಳೆಯ ಗೆಳೆಯರನ್ನು ಬಿಟ್ಟು ಹೊಸ ಸಹವಾಸ, ಮನೆಯಲ್ಲಿ ಸಣ್ಣ ದುಡ್ಡು ಕಾಣೆಯಾಗುವುದು, ಓದಿನಲ್ಲಿ ದಿಢೀರ್ ಹಿನ್ನಡೆ. ಇವುಗಳಲ್ಲಿ ಒಂದೆರಡು ಕಂಡೊಡನೆ ಮಗನನ್ನು ಅಪರಾಧಿಯೆನ್ನಬೇಕಾಗಿಲ್ಲ. ಹಲವು ಸೇರಿ ಬಂದಾಗ ಕುಳಿತು ಮಾತಾಡಬೇಕು. ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ರಾಹೀನತೆ, ಊಟ ಸೇರದಿರುವುದು ಸಹಜ. ಆಗ ಮನೆಯವರು 'ಇವನು ಬದಲಾಗಲೇ ಇಲ್ಲ' ಎಂದು ಕೈಚೆಲ್ಲುವುದೇ ದೊಡ್ಡ ತಪ್ಪು.

ನಮ್ಮ ಮನೆಗಳಲ್ಲಿ ಮೂರು ತಪ್ಪುಗಳು ರೂಢಿಯಾಗಿವೆ. ಮೊದಲನೆಯದು ಮುಚ್ಚಿಡುವುದು: ಮಗಳ ಸಂಬಂಧ ತಪ್ಪೀತು, ಬಳಗದಲ್ಲಿ ತಲೆ ತಗ್ಗೀತು ಎಂದು ಎರಡು ಮೂರು ವರ್ಷ ಕಳೆಯುವುದು. ಎರಡನೆಯದು ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ನಂಬಿಕೆ: ಅದರಿಂದ ಒಬ್ಬನ ರೋಗ ಎರಡು ಮನೆಗಳ ದುಃಖವಾಗುತ್ತದೆ. ಮೂರನೆಯದು ಹೊಡೆದು ಹೊರಗೆ ಹಾಕುವುದು: ಹೊರಗೆ ಅವನನ್ನು ಕಾಯುತ್ತಿರುವವನು ಪೊಟ್ಟಣ ಮಾರುವವನೇ. ಇವುಗಳ ಬದಲು ಬೇಗ ಒಪ್ಪಿಕೊಳ್ಳುವುದು, ಬೇಗ ವೈದ್ಯರಲ್ಲಿಗೆ ಹೋಗುವುದು, ಎಡವಿದರೆ ಮತ್ತೆ ಕೈಹಿಡಿಯುವುದು, ಇಷ್ಟನ್ನೇ ಮಂಜಕ್ಕುಡಿಯಿಂದ ಧರ್ಮಸ್ಥಳದವರೆಗಿನ ಅನುಭವ ಹೇಳುತ್ತದೆ.

ಉಪಸಂಹಾರ

ಕಂಬಂ ಕಣಿವೆಯ ಗಾಂಜಾದ ಚರಿತ್ರೆಯನ್ನು ಇಲ್ಲಿಯವರೆಗೆ ಬಹುಪಾಲು ಪೊಲೀಸ್ ಠಾಣೆಯ ದಾಖಲೆಗಳೇ ಹೇಳಿವೆ. ಇಷ್ಟು ಕಿಲೋ ವಶ, ಇಷ್ಟು ಮಂದಿ ಬಂಧನ. ಆ ಲೆಕ್ಕದಲ್ಲಿ ಬಾರದ ಚರಿತ್ರೆ ಮನೆಗಳದು. ರಾತ್ರಿ ಬಾಗಿಲು ತೆರೆದಿಟ್ಟು ಕಾದ ತಾಯಿಯದು, ಜಾಮೀನಿಗೆ ಹೊಲ ಅಡವಿಟ್ಟ ತಂದೆಯದು, ಅಪ್ಪ ಎಲ್ಲಿ ಎಂದು ಶಾಲೆಯಲ್ಲಿ ಕೇಳಿದಾಗ ಸುಮ್ಮನಾದ ಮಗುವಿನದು. ಹಣ, ಕಾನೂನು, ಆಸ್ಪತ್ರೆ ಇವನ್ನು ಸರ್ಕಾರ ಒದಗಿಸಬಲ್ಲುದು. ಆ ಮನೆಯವರ ಪಕ್ಕದಲ್ಲಿ ನಾಚಿಕೆಯಿಲ್ಲದೆ ಕುಳಿತು ಮಾತಾಡುವ ಕೆಲಸವನ್ನು ಊರವರೇ ಮಾಡಬೇಕು. ಅದಕ್ಕೆ ದೇವಾಲಯದ ಅಂಗಳಕ್ಕಿಂತ ತಕ್ಕ ಜಾಗವಿಲ್ಲ. ಮಾಟ್ಟುಪ್ಪೊಂಗಲ್ ದಿನ ಸಾವಿರಾರು ಭಕ್ತರು ಸೇರುವಲ್ಲಿ ವೈದ್ಯರೊಬ್ಬರ ಅರ್ಧ ಗಂಟೆಯ ಮಾತು, ತಾಯಂದಿರಿಗೊಂದು ಪ್ರತ್ಯೇಕ ಸಭೆ, ಬಿಟ್ಟು ಬಾಳುತ್ತಿರುವವರಿಗೆ ಒಂದು ಮಾಲೆ ಮರ್ಯಾದೆ. ಇವಕ್ಕೆ ಹೆಚ್ಚಿನ ಖರ್ಚಿಲ್ಲ.

ಸಂಜೆ ಹಿಂಡು ತೊಳುವಿಗೆ ಮರಳುವಾಗ ಕಾಯುವವನು ಎಣಿಸುತ್ತಾನೆ. ಒಂದು ಕಡಿಮೆಯಾದರೂ ದೀಪ ಹಿಡಿದು ಮತ್ತೆ ಹೊರಡುತ್ತಾನೆ. ದೇವರ ಆವುಗಳಿಗೆ ಸಲ್ಲುವ ಆ ಎಚ್ಚರ ದೇವರು ಕೊಟ್ಟ ಮಕ್ಕಳಿಗೂ ಸಲ್ಲಲಿ. ಶ್ರೀ ನಂದಗೋಪಾಲಸ್ವಾಮಿಯು ಕಣಿವೆಯ ಎಲ್ಲ ಮನೆಗಳಿಗೂ ಸದ್ಬುದ್ಧಿಯನ್ನೂ ಸನ್ಮಂಗಳವನ್ನೂ ಕರುಣಿಸಲಿ, ದಾರಿ ತಪ್ಪಿದ ಮಕ್ಕಳನ್ನು ಮನೆ ಸೇರಿಸಲಿ.

ಸರ್ವೇ ಜನಾಃ ಸುಖಿನೋ ಭವಂತು.